ಪೂರ್ಣಗೊಂಡ ಸೇತುವೆ

ಕಂಡಕ್ಟರಮ್ಮ ಶಾಸಕಿಯಾಗಿ ಒಂದೂವರೆ ವರ್ಷವಾದರೂ ಅವಳನ್ನು ಶಾಸಕಿ ಎಂದು ಕರೆಯುವುದು ಸರ್ಕಾರಿ ಲಕೋಟೆಗಳು ಮಾತ್ರ. ಹಳ್ಳಿ ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಬೆರಳು ಸವೆಸಿಕೊಂಡವಳು. ಪಕ್ಷದವರು ಕರೆದು ಅವಳಿಗೇ ಟಿಕೆಟ್ ಕೊಟ್ಟಾಗ ಊರೆಲ್ಲ ನಕ್ಕಿತ್ತು, ನಗುತ್ತಲೇ ಗೆಲ್ಲಿಸಿಯೂ ಇತ್ತು. ಗೆಲ್ಲಿಸಿದ್ದೇನು ಸುಮ್ಮನೆಯಲ್ಲ. ಅವಳ ಬಸ್ಸು ಹೊಳೆಯ ಈಚೆ ದಡಕ್ಕೆ ಬಂದು ನಿಂತುಬಿಡುತ್ತಿತ್ತು. ಆಚೆ ದಡದಲ್ಲಿ ಅವಳ ಅಕ್ಕನ ಊರು. ನಡುವೆ ಸೇತುವೆ ಎನ್ನಲು ಇದ್ದದ್ದು ಎರಡೇ ಎರಡು ಕಂಬ, ಅವುಗಳ ನೆತ್ತಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳು. ಮಳೆಗಾಲದಲ್ಲಿ ದೋಣಿ ನಿಂತಿತೆಂದರೆ ಆಚೆಯವರಿಗೆ ಆಸ್ಪತ್ರೆಯೂ ಇಲ್ಲ, ಶಾಲೆಯೂ ಇಲ್ಲ.

ಹೋದ ಮಳೆಗಾಲದಲ್ಲಿ ಅಕ್ಕನ ಗಂಡನಿಗೆ ಎದೆನೋವು ಬಂತು. ನೀರು ಇಳಿಯಲಿ ಎಂದು ಕಾಯುತ್ತ ದಡದಲ್ಲೇ ಕೂತವನು ಕೂತಲ್ಲೇ ಹೋಗಿಬಿಟ್ಟ. ಅಕ್ಕ ಆಮೇಲೆ ತಂಗಿಯನ್ನು ಬಯ್ಯಲಿಲ್ಲ. "ನನಗೆ ಬೇರೆ ಏನೂ ಬೇಡ ಕಣೇ. ಆ ಎರಡು ಕಂಬದ ಗತಿ ಏನು ಅಂತ ದೊಡ್ಡವರ ಎದುರಿಗೆ ಬಾಯಿಬಿಟ್ಟು ಕೇಳು. ಅಷ್ಟಕ್ಕೇ ನಿನ್ನ ಕಳಿಸಿದ್ದು," ಎಂದಿದ್ದಳು.

ಕೇಳುವುದೂ ಸುಲಭದ ಮಾತಲ್ಲ. ಪ್ರಶ್ನೆ ಬರೆದು ಕೊಡಬೇಕು, ಚೀಟಿ ಎತ್ತುವಾಗ ಅದು ಬರಬೇಕು, ಬಂದರೂ ಮೊದಲ ನಾಲ್ಕೈದರಲ್ಲಿ ಬರಬೇಕು. ಇಲ್ಲದಿದ್ದರೆ ಪ್ರಶ್ನೋತ್ತರದ ಹೊತ್ತೇ ಮುಗಿದುಹೋಗುತ್ತದೆ. ಅಂತೂ ಈ ಅಧಿವೇಶನದಲ್ಲಿ ಅದೃಷ್ಟ ಕಣ್ಣುಬಿಟ್ಟು ಅವಳ ಪ್ರಶ್ನೆ ಮೂರನೆಯದಾಗಿ ಬಂತು. ಖುಷಿಗೆ ಅಕ್ಕನಿಗೂ ಆಚೆ ದಡದ ಒಂದಷ್ಟು ಜನಕ್ಕೂ ಪ್ರೇಕ್ಷಕರ ಗ್ಯಾಲರಿಯ ಪಾಸು ಕಳಿಸಿದಳು. ಹಿಂದಿನ ದಿನ ಸಂಜೆ ಮಂತ್ರಿಗಳ ಮುದ್ರಿತ ಉತ್ತರ ಕೈಗೆ ಬಂದಾಗ ಮಾತ್ರ ಅವಳಿಗೆ ಮೈಯೆಲ್ಲ ಉರಿದುಹೋಯಿತು. 'ಸೇತುವೆ ಕಾಮಗಾರಿ ಪೂರ್ಣಗೊಂಡಿದೆ. ಸಾರ್ವಜನಿಕರ ಬಳಕೆಗೆ ಮುಕ್ತವಾಗಿದೆ.' ಇಷ್ಟೇ. ಎಂಥ ಮುಖ ಇಟ್ಟುಕೊಂಡು ಇದನ್ನು ಬರೆದರೋ! ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡರೂ, ಕಂಬಗಳ ಫೋಟೋವನ್ನು ದೊಡ್ಡದು ಮಾಡಿಸಿ ಚೀಲದಲ್ಲಿಟ್ಟುಕೊಂಡಳು.

ಬೆಳಿಗ್ಗೆ ಅವಳು ಸದನದ ಮೆಟ್ಟಿಲು ಹತ್ತುವಷ್ಟರಲ್ಲಿ ಸಚೇತಕ ಅಡ್ಡ ಬಂದ. ಪಕ್ಷದ ಶಾಸಕರನ್ನು ದಾರಿ ತಪ್ಪದ ಹಾಗೆ ಕಾಯುವುದೇ ಅವನ ಕೆಲಸ.

"ಏನಮ್ಮ ಕಂಡಕ್ಟರಮ್ಮ, ಎಲ್ಲರೂ ಕೂತಿರೋ ಬಸ್ಸನ್ನೇ ಹಳ್ಳಕ್ಕೆ ಇಳಿಸ್ತೀಯಾ? ಬಾ, ಸಾಹೇಬರು ಕರೀತಿದ್ದಾರೆ."

ಗ್ರಾಮೀಣ ಕಾಮಗಾರಿಗಳ ಮಂತ್ರಿ ಕೂಗಾಡುವ ಮನುಷ್ಯನಲ್ಲ. ಕೂಗಾಡಿದ್ದರೆ ಅವಳೂ ನಾಲ್ಕು ಮಾತು ಒಗೆದು ಬರುತ್ತಿದ್ದಳು. ಆತ ಕನ್ನಡಕ ತೆಗೆದು, ಒರೆಸಿ, ಕುರ್ಚಿ ತೋರಿಸಿದ.

"ಕೂತ್ಕೋ ತಂಗಿ. ಅಲ್ಲಿ ಸೇತುವೆ ಇಲ್ಲ ಅಂತ ನನಗೂ ಗೊತ್ತು. ಹಿಂದಿನವರು ಉಂಡು ಕೈ ತೊಳ್ಕೊಂಡು ಹೋದರು, ಎಂಜಲು ಬಳಿಯೋ ಕೆಲಸ ನನ್ನ ಪಾಲಿಗೆ ಬಂದಿದೆ. ನೀನು ಇವತ್ತು ಎದ್ದು ಕೇಳಿದೆ ಅಂತಿಟ್ಕೋ. ವಿರೋಧ ಪಕ್ಷದವರು ಮೇಜು ಕುಟ್ಟುತ್ತಾರೆ. ನಾಳೆ ಪೇಪರಲ್ಲಿ ನಿನ್ನ ಫೋಟೋ ಬರುತ್ತೆ. ಆಮೇಲೆ ತನಿಖೆ, ಸಮಿತಿ, ಕೋರ್ಟು. ನಿನ್ನ ಕೂದಲು ಬೆಳ್ಳಗಾದ್ರೂ ಅಲ್ಲಿ ಒಂದು ಪುಟ್ಟಿ ಕಾಂಕ್ರೀಟ್ ಬೀಳಲ್ಲ."

"ಹಾಗಂತ ಬಾಯಿಗೆ ಬೀಗ ಹಾಕ್ಕೊಂಡು ಕೂರ್ಲಾ ಸಾರ್?"

"ಕೂರೋದೂ ಬೇಡ. ನಿನ್ನ ಸರದಿ ಬಂದಾಗ ಸೀಟಲ್ಲಿ ಇರಬೇಡ, ಅಷ್ಟೇ. ಈ ತಿಂಗಳೇ ಪೂರಕ ಬಜೆಟ್ ಇದೆಯಲ್ಲ, ಅದರಲ್ಲಿ ನಿನ್ನ ಸೇತುವೆ ಸೇರಿಸ್ತೀನಿ. ತಗೋ, ಹಿಂದೆ ನೀನು ಕೊಟ್ಟ ಮನವಿ ಇಲ್ಲೇ ಇದೆ, ಅದರ ಮೇಲೆ ಈಗಲೇ ಬರೀತೀನಿ."

ಬರೆದೇಬಿಟ್ಟ. 'ಹೊಸ ಸೇತುವೆ. ಹಣಕಾಸು ಇಲಾಖೆ ಒಪ್ಪಿಗೆ ನೀಡಲಿ.' ಕೆಳಗೆ ಹಸಿರು ಶಾಯಿಯ ಸಹಿ.

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಹಾಗಾಯಿತು ಅವಳ ಸ್ಥಿತಿ. ಗ್ಯಾಲರಿಯಲ್ಲಿ ಅಕ್ಕ ಕೂತಿದ್ದಾಳೆ. ಅವಳ ಮೊಬೈಲು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದಾರೆ, ಹೇಳಿ ಕಳಿಸಲೂ ದಾರಿಯಿಲ್ಲ. ಆದರೆ ಅಕ್ಕ ಕೇಳು ಎಂದದ್ದು ಯಾತಕ್ಕೆ? ಸೇತುವೆಗೆ ತಾನೆ? ಸೇತುವೆಯೇ ಬರುವಾಗ ಕೇಳುವ ಶೋಕಿ ಯಾಕೆ? ಕೇಳದೆ ಬಿಟ್ಟ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ, ಆ ಸುಳ್ಳು ಉತ್ತರವೂ ಅದರ ಜೊತೆಗೇ ಮಣ್ಣಾಗುತ್ತದೆ ಎಂದು ಅವಳು ತಿಳಿದಿದ್ದಳು. ಹೊಸಬಳು, ಪಾಪ.

ಗಂಟೆ ಬಾರಿಸಿದಾಗ ಅವಳು ಮೊಗಸಾಲೆಯಲ್ಲಿ ನೀರಿನ ಯಂತ್ರದ ಪಕ್ಕ ನಿಂತು, ಬಾಯಾರಿಕೆಯಿಲ್ಲದಿದ್ದರೂ ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಸಭಾಧ್ಯಕ್ಷರ ದನಿ ಕೇಳಿತು.

"ಪ್ರಶ್ನೆ ಸಂಖ್ಯೆ ಮೂರು. ಮಾನ್ಯ ಸದಸ್ಯೆ... ಮಾನ್ಯ ಸದಸ್ಯೆ ಇಲ್ಲವೇ? ಸರಿ. ಗೈರುಹಾಜರು. ಉತ್ತರವನ್ನು ಸದನದ ಮುಂದೆ ಇಡಲಾಗಿದೆ. ಪ್ರಶ್ನೆ ಸಂಖ್ಯೆ ನಾಲ್ಕು."

ಅಷ್ಟೇ ಹೊತ್ತು. ಒಂದು ಸೀನು ಸೀನಿ ಮೂಗು ಒರೆಸಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಕ್ಕ ಗ್ಯಾಲರಿಯ ಮೆಟ್ಟಿಲನ್ನು ಎರಡೆರಡೇ ಇಳಿದು ಏದುಸಿರು ಬಿಡುತ್ತ ಬಂದಳು. ಬಂದವಳೇ ತಂಗಿಯ ಹಣೆ ಮುಟ್ಟಿ ನೋಡಿದಳು.

"ಏನಾಯ್ತೇ? ತಲೆ ತಿರುಗ್ತಾ? ನಾನು ಎಲ್ಲರಿಗೂ, ನೋಡ್ರೋ ಈಗ ನಮ್ಮವಳು ಏಳ್ತಾಳೆ ಅಂತ ಹೇಳ್ತಾ ಇದ್ದೆ. ನೀನು ಕಾಣಿಸಲಿಲ್ಲ. ಇಲ್ಲೇ ಎಲ್ಲೋ ಹೋಗಿರ್ತಾಳೆ, ಸ್ವಲ್ಪ ತಡೀರಿ ಸ್ವಾಮಿ ಅಂತ ಎದ್ದು ಕೂಗಿಬಿಡೋಣ ಅನ್ನಿಸ್ತು. ಆ ಕಾವಲಿನವನು ಬಾಯಿ ಮೇಲೆ ಬೆರಳಿಟ್ಟ."

ಕಂಡಕ್ಟರಮ್ಮನಿಗೆ ಭೂಮಿ ಬಾಯಿಬಿಟ್ಟರೆ ಸಾಕಪ್ಪಾ ಎನಿಸಿತು. ಜ್ವರ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಬೇಕಂತಲೇ ಹೊರಗಿದ್ದೆ ಅಕ್ಕ. ಕೇಳಿದ್ರೆ ಸೇತುವೆ ಬರ್ತಿರ್ಲಿಲ್ಲ. ಕೇಳದೆ ಇದ್ದಿದ್ದಕ್ಕೆ ಬರುತ್ತೆ. ಮಂತ್ರಿಗಳೇ ಸಹಿ ಹಾಕಿ ಕೊಟ್ಟಿದ್ದಾರೆ."

ಅಕ್ಕ ಹಸಿರು ಸಹಿಯನ್ನು ನೋಡಿದಳು, ತಂಗಿಯ ಮುಖವನ್ನೂ ನೋಡಿದಳು. "ಬರುತ್ತೆ ತಾನೆ?"

"ಬರುತ್ತೆ."

"ಹಾಗಾದ್ರೆ ಸರಿ ಬಿಡು. ಇಲ್ಲಿಯ ವ್ಯವಹಾರ ನಮಗೇನು ಗೊತ್ತು? ಬಂದ್ರೆ ಸಾಕು," ಎಂದು ಹೇಳಿ, ಊರಿನವರನ್ನು ಕರೆದುಕೊಂಡು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು.

ಕಬ್ಬಿಣ ಕಾದಿರುವಾಗಲೇ ಬಡಿಯಬೇಕೆಂದು ಕಂಡಕ್ಟರಮ್ಮ ಮಧ್ಯಾಹ್ನವೇ ಹಣಕಾಸು ಇಲಾಖೆಯ ಕಾರ್ಯದರ್ಶಿಯ ಕೋಣೆಗೆ ಹೋದಳು. ಇಸ್ತ್ರಿ ಮುರಿಯದ ಅಂಗಿ ತೊಟ್ಟ ಆ ಮನುಷ್ಯ ಎದ್ದು ನಮಸ್ಕಾರ ಮಾಡಿದ, ಮನವಿ ಓದಿದ, ಇನ್ನೊಮ್ಮೆ ಓದಿದ.

"ಮೇಡಂ, ಇಲ್ಲಿ ಹೊಸ ಸೇತುವೆ ಅಂತಿದೆ. ಆದರೆ ಸೇತುವೆ ಪೂರ್ಣಗೊಂಡಿದೆ ಅಂತ ಬೆಳಿಗ್ಗೆ ತಾನೆ ಸದನಕ್ಕೆ ಉತ್ತರ ಹೋಗಿದೆಯಲ್ಲ?"

"ಅದು ಹಸೀ ಸುಳ್ಳು ಸಾರ್! ಊರಿಗೆಲ್ಲ ಗೊತ್ತು."

"ಇರಬಹುದು. ನಿನ್ನೆವರೆಗೆ ಅದು ಇಲಾಖೆಯ ತಪ್ಪು, ತಿದ್ದಬಹುದಿತ್ತು. ಇವತ್ತಿಂದ ಅದು ಸದನದ ದಾಖಲೆ. ಇರೋ ಸೇತುವೆಗೆ ಮತ್ತೆ ಸೇತುವೆ ದುಡ್ಡು ಕೊಟ್ಟರೆ ನನ್ನನ್ನ ಜೈಲಿಗೆ ಹಾಕ್ತಾರೆ. ಪ್ರಶ್ನೆ ಕೇಳಿದವರು ಅಲ್ಲೇ ಎದ್ದು, ಇದು ಸರಿಯಲ್ಲ ಅಂದಿದ್ದರೆ ಬೇರೆ ಮಾತು. ತಾವು..." ಆತ ಸಭ್ಯ, ಮುಂದಿನದನ್ನು ನುಂಗಿಕೊಂಡ.

ಕಂಡಕ್ಟರಮ್ಮ ಅಲ್ಲಿಂದಲೇ ಮಂತ್ರಿಗೆ ಫೋನು ಮಾಡಿದಳು. ಸಾಹೇಬರು ಪ್ರವಾಸ ಹೊರಟರು ಎಂದರು ಕಚೇರಿಯವರು. ಸಚೇತಕನಿಗೆ ಮಾಡಿದಾಗ ಅವನು ಎತ್ತಿದ. "ಅಯ್ಯೋ, ಗೈರಾದ್ರೆ ಉತ್ತರ ಹಾಗೇ ದಾಖಲಾಗುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ? ನಿಯಮದ ಪುಸ್ತಕ ಮೊದಲನೇ ದಿನಾನೇ ಕೊಟ್ಟಿದ್ದೆವಲ್ಲಮ್ಮ," ಎಂದ. ಅವನ ದನಿಯಲ್ಲಿ ನಗುವಿತ್ತೋ ಕನಿಕರವಿತ್ತೋ ದೇವರೇ ಬಲ್ಲ. ಸಹಿ ಹಾಕುವಾಗ ಮಂತ್ರಿಗೆ ಇದು ತಿಳಿದಿತ್ತೇ ಎನ್ನುವುದನ್ನೂ ಆ ದೇವರೇ ಬಲ್ಲ. ಕಂಡಕ್ಟರಮ್ಮನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ನಾಳೆ ಸದನದಲ್ಲಿ ಎದ್ದು ಉತ್ತರ ಸುಳ್ಳು ಎಂದರೆ, ಇವತ್ತು ಎಲ್ಲಿದ್ದಿರಿ ಎಂದು ಮೊದಲು ಕೇಳುತ್ತಾರೆ. ಏನೆಂದು ಹೇಳುವುದು? ನೀರು ಕುಡಿಯುತ್ತಿದ್ದೆ ಎಂದೇ?

ಕಾರ್ಯದರ್ಶಿಗೆ ಅವಳ ಮುಖ ನೋಡಿ ಅಯ್ಯೋ ಎನಿಸಿರಬೇಕು. "ಒಂದು ದಾರಿ ಇದೆ ಮೇಡಂ. ಹೊಸದಕ್ಕೆ ಕೊಡೋಕಾಗಲ್ಲ, ದುರಸ್ತಿಗೆ ಕೊಡಬಹುದು. ಆ ದುಡ್ಡಲ್ಲಿ ಜನ ದಾಟೋಕೆ ಒಂದು ಹಲಗೆ ದಾರಿ ಹಾಕಿಸ್ಕೊಳ್ಳಿ, ಯಾರೂ ಬಂದು ನೋಡಲ್ಲ. ಆ ಕ್ಷೇತ್ರದ ಶಾಸಕರು ಒಂದು ಪತ್ರ ಕೊಟ್ಟರೆ ಆಯ್ತು."

ಪತ್ರ ಅಲ್ಲೇ ತಯಾರಾಯಿತು. 'ಸದರಿ ಸೇತುವೆಯು ಸಾರ್ವಜನಿಕರ ಸತತ ಬಳಕೆಯಿಂದ ಶಿಥಿಲಗೊಂಡಿದ್ದು...' ಅವಳು ಓದಿದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ಮಳೆಗಾಲ ಬರುವುದರೊಳಗೆ ಹಲಗೆಯಾದರೂ ಬೀಳಲಿ ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದಳು.

ಹೊರಗೆ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು.

"ಆಯ್ತಾ?" ಎಂದಳು ಅಕ್ಕ.

"ದುಡ್ಡು ಬರುತ್ತೆ. ರಿಪೇರಿ ಅಂತ."

"ಯಾವುದರ ರಿಪೇರಿ?"

ಕಂಡಕ್ಟರಮ್ಮ ಕೈಯಲ್ಲಿದ್ದ ಪ್ರತಿಯನ್ನು ಮಡಿಸಿಡಲು ನೋಡಿದಳು. "ಓದು," ಎಂದಳು ಅಕ್ಕ. ತಂಗಿ ತಗ್ಗಿದ ದನಿಯಲ್ಲಿ ಕೊನೆಯವರೆಗೂ ಓದಿದಳು. ಶಿಥಿಲ ಎಂದರೇನು ಎಂದು ಯಾರೋ ಕೇಳಿದರು; ಸವೆದು ಹೋಗಿರುವುದು ಎಂದು ಇನ್ಯಾರೋ ಹೇಳಿದರು.

"ನಾವೆಲ್ಲ ಓಡಾಡಿ ಓಡಾಡಿ ಸವೆಸಿದ್ವಿ ಅಂತಾನಾ? ಕೆಳಗೆ ನಿಂದೇ ಸಹೀನಾ?"

"ಬೇರೆ ದಾರಿ ಇರಲಿಲ್ಲ ಅಕ್ಕ."

ಅಕ್ಕ ಬೆಂಚಿನ ಮೇಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು, ಸೆರಗು ಸರಿಮಾಡಿಕೊಂಡಳು.

"ಮುಂದಿನ ಸಲ ಊರಿಗೆ ಬರುವಾಗ ದೋಣಿ ಹತ್ತಬೇಡ," ಎಂದಳು. "ನೀನು ಸಹಿ ಹಾಕಿದ್ದೀಯಲ್ಲ, ಆ ಸೇತುವೆ ಮೇಲೇ ನಡ್ಕೊಂಡು ಬಾ. ನಾವು ಆಚೆ ದಡದಲ್ಲಿ ನಿಂತು ನೋಡ್ತಾ ಇರ್ತೀವಿ."