ಅಡ್ಡ ಪೈಪಿಲ್ಲದ ಸೈಕಲ್

ಉದ್ದ ಕಾಲಿನ ಶೀನಪ್ಪ ಮುಂಡು ಮೇಲೆ ಕಟ್ಟಿಕೊಂಡು, ಹೆಂಡತಿಯ ಲೇಡೀಸ್ ಸೈಕಲ್ ತುಳಿಯುತ್ತ ಗುತ್ತಿಗಾರು ಪೇಟೆ ದಾಟುವಾಗ ಹೋಟೆಲಿನವರೆಲ್ಲ ಚಹಾ ಬಿಟ್ಟು ಹೊರಗೆ ಬಂದರು. ನಗಲಿ, ಹಾಳಾಗಿ ಹೋಗಲಿ. ಎಂಟು ವರ್ಷದಿಂದ ಮಾತು ಬಿಟ್ಟ ಗೆಳೆಯ, ಸೈಕಲ್ ಶಾಪಿನ ದುಗ್ಗಪ್ಪ, ರಾತ್ರಿ ತೀರಿಕೊಂಡಿದ್ದ. ಹೆಂಡತಿ ಪಂಕಜಾಕ್ಷಿ ಬೆಳಿಗ್ಗೆಯೇ ನಡೆದು ಹೋಗಿದ್ದಳು. "ನಾನು ಬರುದಿಲ್ಲ" ಎಂದು ಮುಖ ಬಿಗಿದು ಕೂತವನಿಗೆ ಹನ್ನೊಂದಕ್ಕೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಅವನ ಸ್ವಂತ ಸೈಕಲಿನ ಚಕ್ರ ನಿನ್ನೆ ಬಿದ್ದ ಏಟಿಗೆ ಸೊಟ್ಟಗಾಗಿತ್ತು. ಹನ್ನೆರಡಕ್ಕೆ ಹೆಣ ಎತ್ತುತ್ತಾರೆ; ಕೊನೆಗೊಮ್ಮೆ ಮುಖ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ.

*

ಎಂಟು ವರ್ಷದ ಹಿಂದೆ, ಎಮರ್ಜೆನ್ಸಿ ಮುಗಿದ ವರ್ಷ. ಸೈಕಲ್ ಕೊಳ್ಳಲು ಬಂದವರನ್ನು ದುಗ್ಗಪ್ಪ ಮೊದಲು ಶಾಪಿನ ಎದುರಿನ ಏರಿನಲ್ಲಿ ಬಿಟ್ಟು ನೋಡುತ್ತಿದ್ದ. ಹೆಣ್ಣು ನೋಡುವವರೂ ಅಷ್ಟು ಸೂಕ್ಷ್ಮವಾಗಿ ನೋಡುತ್ತಿರಲಿಲ್ಲ. ಶೀನಪ್ಪ ಅರ್ಧ ಏರಿನಲ್ಲೇ ತುಳಿಯಲಾಗದೆ ಸೈಕಲಿನಿಂದ ಕೆಳಗೆ ಹಾರಿದ. ಮುಂಡು ಅಡ್ಡ ಪೈಪಿಗೆ ಸಿಕ್ಕಿ ಹರಿದು, ಅವನು ಚರಂಡಿಗೆ ಬಿದ್ದ.

"ಏರಿನಲ್ಲಿ ತುಳಿಯುವವರು ಉಂಟು, ಇಳಿಯುವವರು ಉಂಟು. ನೀನು ಇಳಿಯುವವ ಮಾರಾಯ," ಎಂದ ದುಗ್ಗಪ್ಪ. "ನಿನಗೆ ಅಡ್ಡ ಪೈಪ್ ಆಗ್ಲಿಕ್ಕಿಲ್ಲ. ಲೇಡೀಸ್ ತಕ್ಕೊ."

ಶಾಪಿನಲ್ಲಿದ್ದವರೆಲ್ಲ ಗೊಳ್ಳೆಂದರು.

"ನಿನ್ನ ಶಾಪಿಗೆ ಇನ್ನು ಕಾಲಿಡುದಿಲ್ಲ!"

ಶೀನಪ್ಪ ಸುಳ್ಯದಿಂದ ಗಂಡಸರ ಸೈಕಲ್ಲೇ ತಂದ, ವಾರಕ್ಕೊಮ್ಮೆ ಬಿದ್ದ. ಅದೇ ತಿಂಗಳು ಪಂಕಜಾಕ್ಷಿ ದುಗ್ಗಪ್ಪನಿಂದ ಲೇಡೀಸ್ ಸೈಕಲ್ ತಂದಳು. ಅವಳಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ. ಹಾಲಿನ ಕ್ಯಾನು ನೇತುಹಾಕಿ ತಳ್ಳಿಕೊಂಡೇ ಹೋಟೆಲಿಗೆ ಹೋಗುತ್ತಿದ್ದಳು.

*

ದುಗ್ಗಪ್ಪನ ಮನೆಯ ಏರು ಬಂತು. ಶೀನಪ್ಪ ಅಭ್ಯಾಸಬಲದಿಂದ ಹಾರಿದ. ನೋಡಿದರೆ ಎರಡು ಕಾಲ ಮೇಲೆ ನಿಂತಿದ್ದಾನೆ, ಮುಂಡೂ ಹರಿದಿಲ್ಲ!

"ನಿಲ್ಲಿ, ನಿಲ್ಲಿ, ಎತ್ತಬೇಡಿ! ಶೀನಪ್ಪ ಬಂದ," ಅಂಗಳದಿಂದ ನೆರೆಮನೆಯ ಪದ್ಮಯ್ಯ ಕೂಗಿದ. "ಎಂತದರಲ್ಲಿ ಬಂದ ನೋಡಿ ಮಾರಾಯ್ರೆ!"

ಸಾವಿನ ಮನೆಯಲ್ಲಿ ನಗಬಾರದೆಂದು ನಾಲ್ಕು ಮಂದಿ ಹೆಗಲ ಬೈರಾಸು ಬಾಯಿಗೆ ಒತ್ತಿಕೊಂಡರು.

ಶೀನಪ್ಪ ಗೆಳೆಯನ ಬಾಯಿಗೆ ನೀರು ಬಿಟ್ಟ. ಎಂಟು ವರ್ಷದ ಸಿಟ್ಟೆಲ್ಲ ಕಣ್ಣಲ್ಲಿ ಇಳಿಯಿತು. "ಬೀಳಲಿಲ್ಲ ಮಾರಾಯ," ಎಂದ. "ಇವತ್ತು ಬೀಳಲಿಲ್ಲ."

ದುಗ್ಗಪ್ಪನ ಹೆಂಡತಿ ಅಕ್ಕು ಅಳುವುದನ್ನು ನಿಲ್ಲಿಸಿ ಕೇಳಿದಳು: "ಸೀಟು ಸರಿ ಆಯ್ತಾ ಶೀನಣ್ಣ? ನಿಮ್ಮ ಕಾಲಿನ ಅಂದಾಜಿಗೇ ಇಟ್ಟದ್ದು ಅವರು. 'ಹತ್ತಿದನಾ, ಹತ್ತಿದನಾ' ಅಂತ ಪಂಕಜನ ಹತ್ರ ಕೇಳಿ ಕೇಳಿಯೇ ಹೋದರು."

ಶೀನಪ್ಪ ತಿರುಗಿ ನೋಡಿದ. ಪಂಕಜಾಕ್ಷಿ ಸೈಕಲನ್ನು ಗೋಡೆಗೆ ಒರಗಿಸುತ್ತಿದ್ದಳು. ಸೀಟು ಅವಳ ಸೊಂಟಕ್ಕಿಂತ ಗೇಣು ಮೇಲಿತ್ತು. ಎಂಟು ವರ್ಷದ ಹಿಂದೆ ದುಗ್ಗಪ್ಪ ಅದಕ್ಕೆ ಸುತ್ತಿಕೊಟ್ಟ ಪ್ಲಾಸ್ಟಿಕ್ ಇವತ್ತು ಮೊದಲ ಸಲ ಹರಿದಿತ್ತು.