ಬಟ್ಟೆಯ ಮನೆಯಲ್ಲಿ ಒಂದು ಹಗಲು

ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ನಮ್ಮ ಬಾಡಿಗೆ ಮನೆಯ ತಗಡಿನ ಛಾವಣಿ ಟಿಕ್ ಟಿಕ್ ಎನ್ನಲು ಶುರು ಮಾಡುತ್ತಿತ್ತು. ಬಿಸಿಲಿಗೆ ತಗಡು ಹಿಗ್ಗುವ ಸದ್ದು ಅದು. ಅದು ಕಿವಿಗೆ ಬಿದ್ದ ಕೂಡಲೇ ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಒಂದು ಬೆಡ್‌ಶೀಟನ್ನು ನೀರಲ್ಲಿ ಅದ್ದಿ, ಹಿಂಡಿ, ಅತ್ತೆಯ ಮಂಚದ ಪಕ್ಕದ ಹಗ್ಗಕ್ಕೆ ಹಾಕುತ್ತಿದ್ದೆ. ಅರ್ಧ ಗಂಟೆಯಲ್ಲಿ ಅದು ಗರಿಗರಿಯಾಗಿ ಒಣಗಿರುತ್ತಿತ್ತು. ಮತ್ತೆ ಅದ್ದುತ್ತಿದ್ದೆ. ಫ್ಯಾನು ಇತ್ತು, ಇಲ್ಲವೆನ್ನುವಂತಿಲ್ಲ. ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದಷ್ಟೇ ಅದರ ಕೆಲಸ.

ಅತ್ತೆಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಎಡಗೈ, ಎಡಗಾಲು ಆಡುತ್ತಿರಲಿಲ್ಲ. ಮಾತು ಬರುತ್ತಿತ್ತು, ಆದರೆ ನಿಧಾನ. ಸೆಖೆ ಎಂದು ಅವರು ಒಂದು ದಿನವೂ ಗೊಣಗಿದವರಲ್ಲ. ಕೇಳಿದರೆ, ಕಣ್ಣು ಮುಚ್ಚಿದರೆ ತಾನು ಬೇರೆ ಕಡೆ ಇರುತ್ತೇನೆ ಎನ್ನುತ್ತಿದ್ದರು. ಅವರ ಕನಸಿನಲ್ಲಿ ಯಾವಾಗಲೂ ಒಂದು ಮನೆ ಬರುತ್ತಿತ್ತಂತೆ. ಅದಕ್ಕೆ ಗೋಡೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲವಂತೆ. ಗಾಳಿ ಮಾತ್ರ ಕಾಲಿನಿಂದ ತಲೆಯವರೆಗೆ ಮೆಲ್ಲಗೆ ಹಾದುಹೋಗುತ್ತಿತ್ತಂತೆ. ಕೇಳಿದಾಗಲೆಲ್ಲ ನಾನು ಬೆಡ್‌ಶೀಟನ್ನು ಇನ್ನೊಮ್ಮೆ ಅದ್ದಿ ತರುತ್ತಿದ್ದೆ.

ಅದಕ್ಕೇ, ಸ್ವಂತ ಮನೆ ಕಟ್ಟಲು ಹೊರಟಾಗ ನನ್ನ ಯಜಮಾನರು ಎಲ್ಲಕ್ಕಿಂತ ಮೊದಲು ಗೆರೆ ಎಳೆದದ್ದು ಅವರಮ್ಮನ ಕೋಣೆಗೆ. ಯಜಮಾನರು ಬಸ್ ಡ್ರೈವರ್. ನಮ್ಮ ಸೈಟಿನ ಪಶ್ಚಿಮಕ್ಕೆ ರಸ್ತೆ. ಆ ರಸ್ತೆಯಲ್ಲೇ ದಿನಕ್ಕೆ ನಾಲ್ಕು ಸಲ ಅವರ ಬಸ್ಸು ಹೋಗುತ್ತದೆ. ರಸ್ತೆ ಬದಿಯ ಕೋಣೆಯೇ ಅಮ್ಮನದು, ಆ ಗೋಡೆ ಪೂರ್ತಿ ಗಾಜಿನದು, ಅಮ್ಮ ಮಲಗಿದಲ್ಲಿಂದಲೇ ಮಗನ ಬಸ್ಸು ನೋಡಬೇಕು ಎಂಬುದು ಅವರ ಲೆಕ್ಕ. ರಸ್ತೆ ಬದಿಯಲ್ಲೇ, ಸೈಟಿನ ಇನ್ನೊಂದು ಮೂಲೆಯಲ್ಲಿ ಒಂದು ಹಳೆಯ ಬಾದಾಮಿ ಮರವಿತ್ತು. ಬಸ್ಸು ತಿರುವಿನಿಂದ ಬರುವುದನ್ನು ಅದು ಮರೆ ಮಾಡುತ್ತದೆಂದು, ಸೋಮವಾರ ಬಂದು ಕಡಿದುಹಾಕು ಎಂದು ಮರ ಕಡಿಯುವವನಿಗೆ ಹೇಳಿಯೂ ಆಗಿತ್ತು.

ನನ್ನ ಅಕ್ಕ ಗಾರೆ ಕೆಲಸದವಳು. ಮೊದಮೊದಲು ಎಲ್ಲರಂತೆ ಸಿಮೆಂಟು ಮೆತ್ತುತ್ತಿದ್ದವಳು, ಈಚೆಗೆ ಮಣ್ಣು, ಗಾಳಿ, ನೆರಳುಗಳಿಂದಲೇ ತಂಪಾಗಿರುವ ಮನೆ ಕಟ್ಟುವುದನ್ನು ಕಲಿತಿದ್ದಳು. ನಮ್ಮ ನಕ್ಷೆ ನೋಡಿ ಅವಳ ಮುಖ ಸಪ್ಪಗಾಯಿತು. ಪಶ್ಚಿಮಕ್ಕೆ ಅಷ್ಟು ಗಾಜು ಹಾಕಿದರೆ ಸಂಜೆಯ ಬಿಸಿಲು ಒಳಗೆ ಬಂದು ಅಲ್ಲೇ ಠಿಕಾಣಿ ಹೂಡುತ್ತದೆ ಎಂದಳು.

"ಒಂದು ಎ.ಸಿ. ಹಾಕಿದ್ರೆ ಆಯ್ತಲ್ಲ, ಅತ್ತಿಗೆ," ಎಂದರು ಯಜಮಾನರು.

"ಹಾಕಿ. ಕರೆಂಟು ಹೋದಾಗ ಏನು ಮಾಡ್ತೀರ? ಅಮ್ಮ ಎದ್ದು ಹೊರಗೆ ಹೋಗ್ತಾರಾ?"

ಯಜಮಾನರು ಮೀಸೆ ತಿರುವುತ್ತಾ ನಕ್ಷೆ ಮಡಚಿಟ್ಟರು. ಆದರೆ ಗಾಜನ್ನು ಮಾತ್ರ ಬಿಡಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ದುಬಾರಿ ಬಟ್ಟೆ ಬಂದರೆ ನಾನು ನೇರವಾಗಿ ಹೊಲಿಯುವುದಿಲ್ಲ. ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಿ ಆಮೇಲೆ ಗಟ್ಟಿ ಹೊಲಿಗೆ. "ಒಂದು ಕೋಟು ಹೊಲಿಯೋಕೇ ಇಷ್ಟು ಮಾಡ್ತೀನಿ. ಆಯಸ್ಸು ಪೂರ್ತಿ ಇರೋ ಮನೇನೂ ಒಂದು ಸಲ ತೊಟ್ಟು ನೋಡೋಣ್ವಾ?" ಎಂದೆ. ಯಜಮಾನರು ನಕ್ಕರು. ನಕ್ಕರೂ ಒಪ್ಪಿದರು, ಭಾನುವಾರ ಅವರಿಗೆ ರಜೆಯಿತ್ತು.

ಭಾನುವಾರ ಬೆಳಿಗ್ಗೆ ಅಕ್ಕ ಬಿದಿರಿನ ಗಳ ತಂದಳು. ನಕ್ಷೆಯಲ್ಲಿದ್ದಂತೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಗಳ ನೆಟ್ಟು, ಮೇಲೆ ಟಾರ್ಪಾಲು ಹೊದಿಸಿದೆವು. ಮನೆಯಲ್ಲಿದ್ದ ಬೆಡ್‌ಶೀಟು, ಪರದೆ, ಲೈನಿಂಗ್ ಬಟ್ಟೆ ಎಲ್ಲ ಕ್ಲಿಪ್ಪು ಹಾಕಿಸಿಕೊಂಡು ಗೋಡೆಗಳಾದವು. ಗಾಜಿನ ಜಾಗವನ್ನು ಖಾಲಿ ಬಿಟ್ಟೆವು. ದಾರಿಯಲ್ಲಿ ಹೋಗುವವರು, ಸರ್ಕಸ್ಸು ಯಾವಾಗಿನಿಂದ ಎಂದು ಕೇಳಿದರು.

ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕರೆತಂದೆವು. ಆ ಬೆಳಗನ್ನು ನಾನು ಮರೆಯಲಾರೆ. ಗಾಳಿ ಬಂದಾಗ ಮನೆಗೆ ಮನೆಯೇ ಉಸಿರೆಳೆದುಕೊಂಡು ಉಬ್ಬುತ್ತಿತ್ತು, ಮತ್ತೆ ಉಸಿರು ಬಿಡುತ್ತಿತ್ತು. ನೀಲಿ ಪರದೆಯನ್ನು ಹಾದು ಬಂದ ಬೆಳಕು ಅತ್ತೆಯ ಕೆನ್ನೆಯ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ನಾವು ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು, ಜೋರಾಗಿ ಮಾತಾಡಿದರೆ ಮನೆ ಹಾರಿಹೋದೀತು ಎಂಬಂತೆ. ಅತ್ತೆ ಸುತ್ತಲೂ ನೋಡಿ, ತನ್ನ ಕನಸಿನ ಮನೆ ಥೇಟ್ ಹೀಗೇ ಇದೆ ಎಂದರು.

ಊಟವಾದ ಮೇಲೆ ಯಜಮಾನರು ಮಡಚುವ ಮಂಚವನ್ನು ಅಮ್ಮನ ಕೋಣೆಯಲ್ಲಿ ಹಾಕಿ, ನೋಡಿ ಹೇಗೆ ನಿದ್ದೆ ಹೊಡೀತೀನಿ ಎಂದು ಮಲಗಿದರು. ಅತ್ತೆ ಆ ಕಡೆ, ಬಾದಾಮಿ ಮರದ ನೆರಳು ಬೀಳುವ ಭಾಗದಲ್ಲಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ನಾನೂ ಅಕ್ಕನೂ ಅವರ ಪಕ್ಕದಲ್ಲಿ ಕೂತೆವು.

ಮೂರು ಗಂಟೆಗೆ ಬಿಸಿಲು ಗಾಜಿನ ಜಾಗದಿಂದ ಒಳಗೆ ಇಣುಕಿತು. ಮೊದಲು ಯಜಮಾನರ ಪಾದಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ನಿದ್ದೆಗಣ್ಣಲ್ಲೇ ಎದ್ದು ಮಂಚ ಹಿಂದೆ ಸರಿಸಿ ಮಲಗಿದರು. ಬಿಸಿಲೂ ಬೆನ್ನಟ್ಟಿ ಬಂತು. ಮತ್ತೆ ಸರಿಸಿದರು. ಮೂರನೆಯ ಸಲ ಸರಿಸಲು ಹೋದಾಗ ಹಿಂದೆ ಪರದೆ ತಗುಲಿತು, ಇನ್ನು ಜಾಗವಿರಲಿಲ್ಲ. ಬೆವರಿಗೆ ಅಂಗಿ ಮೈಗೆ ಅಂಟಿತ್ತು.

ಅವರು ಎದ್ದು ಮರದ ಕಡೆಗೆ ಬಂದರು. ಅಲ್ಲಿ ಅವರಮ್ಮ ಬಾಯಿ ಸ್ವಲ್ಪ ತೆರೆದು ಗಾಢವಾಗಿ ನಿದ್ದೆ ಮಾಡುತ್ತಿದ್ದರು. ಅಗಲವಾದ ಎಲೆಗಳ ನೆರಳು ಅವರ ಮೇಲೆ ಹಿಂದೆ ಮುಂದೆ ಹೋಗುತ್ತಿತ್ತು. ಯಜಮಾನರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಸಂಜೆ ಟ್ರಿಪ್ಪಿಗೆ ಹತ್ತೋರೆಲ್ಲ ಮೊದಲು ನೆರಳಿನ ಕಡೆ ಸೀಟು ಹಿಡೀತಾರೆ," ಎಂದರು. "ಇಪ್ಪತ್ತು ವರ್ಷದಿಂದ ಕನ್ನಡೀಲಿ ನೋಡ್ತಿದೀನಿ. ನಾನೂ ಈಗ ಮೂರು ಸಲ ಜಾಗ ಬದಲಾಯಿಸೋಕೆ ನೋಡ್ದೆ. ಅಮ್ಮಂಗೆ ಸೀಟು ಬದಲಾಯಿಸೋಕಾಗಲ್ಲ. ನಾನು ಅವಳನ್ನ ಬಿಸಿಲಿನ ಕಡೆ ಕೂರಿಸೋಕೆ ಹೊರಟಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು. ಪ್ರೀತಿಯಿಂದ ಮಾಡಿದ ತಪ್ಪು, ಯಾರನ್ನು ಬೈಯುವುದು? ಮರ ಕಡಿಯುವವನಿಗೆ ಅವರೇ ಫೋನ್ ಮಾಡಿ ಬರಬೇಡ ಎಂದರು.

ಅವತ್ತು ಸಂಜೆಯೊಳಗೆ ಕ್ಲಿಪ್ಪು ತೆಗೆದು ಹಾಕಿ, ಪರದೆ ಸರಿಸಿ ಮನೆಯನ್ನೇ ತಿರುಗಿಸಿದೆವು. ಬಿಸಿಲು ಬಡಿಯುವ ಕಡೆಗೆ ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ. ಮರದ ನೆರಳಿಗೆ ಹಜಾರ, ಅದರ ಹಿಂದೆ ಪೂರ್ವಕ್ಕೆ ಅತ್ತೆಯ ಕೋಣೆ. ಬಾಗಿಲಿಗೆ ಎದುರು ಬಾಗಿಲು, ಕಿಟಕಿಗೆ ಎದುರು ಕಿಟಕಿ ಬರಬೇಕು, ಬಂದ ಗಾಳಿಗೆ ಹೋಗಲು ದಾರಿ ಬೇಕು ಎಂದಳು ಅಕ್ಕ. ಬಿಸಿಗಾಳಿ ಮೇಲೇರುವುದರಿಂದ ಸೂರಿನ ಕೆಳಗೆ ಸಣ್ಣ ಕಿಂಡಿಗಳನ್ನು ಗುರುತಿಸಿದಳು. ಅತ್ತೆಯ ಮಂಚದ ಜಾಗದಲ್ಲಿ ಕುರ್ಚಿ ಇಟ್ಟು, ರಸ್ತೆ ಕಾಣುತ್ತದಾ ಎಂದು ಯಜಮಾನರು ಕೇಳಿದರು. ಗಾಳಿ ಬರುವ ದಾರಿಯಲ್ಲೇ, ಮರದ ಕೊಂಬೆಯ ಕೆಳಗೆ, ರಸ್ತೆಯ ಒಂದು ತುಂಡು ಕಾಣುತ್ತಿತ್ತು.

"ಕಾಣುತ್ತೆ ಕಣೋ," ಎಂದರು ಅತ್ತೆ. "ಅಷ್ಟು ಸಾಕು."

ಅಲ್ಲಿಗೆ ಯಜಮಾನರ ಅನುಮಾನಗಳೆಲ್ಲ ಮುಗಿದವು ಅಂದುಕೊಳ್ಳಬೇಡಿ. ಪಾಯ ತೋಡಿದ ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಒತ್ತಿ, ಸುಡದೆ ಇಟ್ಟಿಗೆ ಮಾಡೋಣ ಎಂದು ಅಕ್ಕ ಹೇಳಿದಾಗ, ಮೊದಲ ಮಳೆಗೇ ಮನೆ ಕರಗಿಹೋಗುತ್ತದೆ ಎಂದು ಕೂತರು. ಅಕ್ಕ ಹದವಾಗಿ ಒಣಗಿದ ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟಳು. ಡ್ಯೂಟಿ ಮುಗಿಸಿ ಬಂದ ಯಜಮಾನರು ಯಾರಿಗೂ ಕಾಣದಂತೆ ಬಕೆಟ್ಟಿಗೆ ಕೈ ಹಾಕಿ ಇಟ್ಟಿಗೆಯ ಮೂಲೆ ಮುಟ್ಟಿ ನೋಡುತ್ತಿದ್ದರು. ವಾರವಾದರೂ ಅದು ಕರಗಲಿಲ್ಲ. ಆಮೇಲೆ ಛಾವಣಿಗೆ ಬಿಳಿ ಬಣ್ಣ ಬಳಿದವರೂ, ಮಳೆನೀರು ತೊಟ್ಟಿಗೆ ಬೀಳುವಂತೆ ಪೈಪು ಜೋಡಿಸಿದವರೂ ಅವರೇ. ಈಗ ಬಂದವರಿಗೆಲ್ಲ ತಾವೇ ಕಂಡುಹಿಡಿದಂತೆ ವಿವರಿಸುತ್ತಾರೆ. ನಾನೂ ಅಕ್ಕನೂ ಮುಸಿಮುಸಿ ನಗುತ್ತೇವೆ.

ಹೊಸ ಮನೆಗೆ ಬಂದು ಒಂದು ಬೇಸಿಗೆ ಕಳೆಯಿತು. ಮಧ್ಯಾಹ್ನ ಎರಡಾದರೂ ಟಿಕ್ ಟಿಕ್ ಇಲ್ಲ. ಬೆಡ್‌ಶೀಟು ಬೀರುವಿನಲ್ಲಿದೆ, ಒಣಗಿಯೇ ಇದೆ. ಮೊನ್ನೆ ಅತ್ತೆಯನ್ನು ಕೇಳಿದೆ, ಈಗಲೂ ಆ ಕನಸಿನ ಮನೆಗೆ ಹೋಗುತ್ತೀರಾ ಎಂದು. ಹೊರಗೆ ಎಲೆಗಳು ಅಲುಗುತ್ತಿದ್ದವು. ಅವರು ಕಿಟಕಿಯ ಕಡೆ ತಿರುಗಿದರು.

"ಈಗ ಕನಸೇ ಬೀಳಲ್ಲ ಕಣಮ್ಮ," ಎಂದರು. "ನಿದ್ದೆ ಬಂದುಬಿಡುತ್ತೆ."

ಮನೆ ಕಟ್ಟಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಸೀಟು ಬದಲಾಯಿಸಲಾಗದವರು ಒಬ್ಬರಿರುತ್ತಾರೆ. ತೊಟ್ಟಿಲ ಮಗು ಇರಬಹುದು, ಹಾಸಿಗೆ ಹಿಡಿದ ಹಿರಿಯರಿರಬಹುದು. ಪಾಯ ತೋಡುವ ಮೊದಲು, ಮರಕ್ಕೆ ಕೊಡಲಿ ಇಡುವ ಮೊದಲು, ನಾಲ್ಕು ಬೆಡ್‌ಶೀಟು ಕಟ್ಟಿ ಅವರ ಜಾಗದಲ್ಲಿ ಒಂದು ಮಧ್ಯಾಹ್ನ ನೀವು ಮಲಗಿ ನೋಡಿ. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿಂದ ಹೋಗುತ್ತದೆ ಎಂದು ನಿಮ್ಮ ಮೈಯೇ ಹೇಳುತ್ತದೆ. ಗೋಡೆ ಎದ್ದ ಮೇಲೆ ಅದನ್ನು ಬಿಚ್ಚಿ ಹೊಲಿಯಲು ನನ್ನಿಂದಲೂ ಆಗುವುದಿಲ್ಲ.