ಮೂರನೇ ಗುಡ್ಡೆಯ ಶೇಂಗಾ

ಮುಂಗಾರಿಗೆ ಇನ್ನೂ ಇಪ್ಪತ್ತು ದಿನವಿತ್ತು. ಪರಶುರಾಂಪುರ ಹೋಬಳಿಯ ಆ ಹಳ್ಳಿಯಲ್ಲಿ ಯಾರ ಮನೆ ಮುಂದೆ ನೋಡಿದರೂ ಬಿತ್ತನೆ ಶೇಂಗಾ ಸುಲಿಯುವ ಸದ್ದು. ಕ್ಯಾತಮ್ಮನ ಜಗಲಿಯ ಮೇಲೂ ಅದೇ ಕೆಲಸ. ಅತ್ತೆ ಕ್ಯಾತಮ್ಮ ಒಂದು ಕಡೆ, ಸೊಸೆ ಶಿಲ್ಪ ಇನ್ನೊಂದು ಕಡೆ, ನಡುವೆ ಮೂರು ಗುಡ್ಡೆ.

ಬೆರಳು ನೋಯಬಾರದೆಂದು ಕ್ಯಾತಮ್ಮ ಹಿಂದಿನ ಸಂಜೆಯೇ ಕಾಯಿಗೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಸಿಪ್ಪೆ ಮೆತ್ತಗಾಗಿ ಹೆಬ್ಬೆರಳಿಗೇ ಬಿಟ್ಟುಕೊಳ್ಳುತ್ತಿತ್ತು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳು.

ದುಂಡಗಿನ ಗುಲಾಬಿ ಕಾಳು ಮೊದಲ ಗುಡ್ಡೆಗೆ, ಅದು ಬಿತ್ತನೆಗೆ. ಸ್ವಲ್ಪ ಸಣ್ಣದು ಎರಡನೆಯದಕ್ಕೆ. ಅದು ಚಳ್ಳಕೆರೆಯ ಮಂಡಿಗೆ. ಸುಕ್ಕಿದ್ದು, ಕಪ್ಪಾದದ್ದು, ಹುಳ ಕೊರೆದದ್ದು ಮೂರನೆಯದಕ್ಕೆ; ಅದು ಮನೆಗೆ. ಕ್ಯಾತಮ್ಮನ ಬೆರಳಿಗೇ ಕಣ್ಣಿತ್ತು. ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಲೇ ಕಾಳನ್ನು ಅದರದರ ಗುಡ್ಡೆಗೆ ಎಸೆಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ.

ಮೂರನೇ ಗುಡ್ಡೆಯನ್ನು ಅವಳು ಚೆನ್ನಾಗಿ ಹುರಿದು, ರಾಗಿ ಬೆಲ್ಲ ಸೇರಿಸಿ ಹುರಿಹಿಟ್ಟು ಮಾಡುತ್ತಿದ್ದಳು. ಒಂದು ವರ್ಷ ಎರಡು ತಿಂಗಳ ಮೊಮ್ಮಗ ಜುಂಜಪ್ಪನಿಗೆ ದಿನಕ್ಕೆ ಎರಡು ಹೊತ್ತು ಅದೇ ಊಟ. ಸುಗ್ಗಿಯಿಂದ ಹೀಗೇ ನಡೆದಿತ್ತು.

ಶಿಲ್ಪ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ನೋಟ ಜಾಸ್ತಿ. ಮೂರನೇ ಗುಡ್ಡೆಯ ಕಾಳಿನ ಸುಕ್ಕಿನೊಳಗೆ ಹಸಿರು ಹಳದಿ ಧೂಳು ಕೂತಿರುವುದನ್ನು ಅವಳು ಎಂದೋ ನೋಡಿದ್ದಳು. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು, ಮೂಸಿದರೆ ಮುಗ್ಗಲು ವಾಸನೆ. ಆದರೆ ನಲವತ್ತು ವರ್ಷ ಶೇಂಗಾ ಸುಲಿದ ಅತ್ತೆಗೆ ಹೇಳುವುದು ಹೇಗೆ?

ಆ ದಿನ ಬೆಳಿಗ್ಗೆ ಅಂಗನವಾಡಿಯಲ್ಲಿ ರಂಗಕ್ಕ ಟೀಚರು ಮಗುವನ್ನು ತೂಗಿ, ಕಾರ್ಡಿನಲ್ಲಿ ಚುಕ್ಕಿ ಇಟ್ಟು, ಪೆನ್ನು ಹಿಡಿದುಕೊಂಡೇ ಕೂತಿದ್ದರು.

"ಎರಡು ತಿಂಗಳಿಂದ ತೂಕದ ಗೆರೆ ಮ್ಯಾಲಕ್ಕೆ ಎದ್ದಿಲ್ಲ ಕಣಮ್ಮ. ಏನ್ ತಿನ್ನಿಸ್ತೀಯಾ?"

"ಹುರಿಹಿಟ್ಟು ಟೀಚರ್."

"ಒಳ್ಳೇದೇ ಅಲ್ವಾ ಮತ್ತೆ?"

ಯಾವ ಗುಡ್ಡೆಯದು ಎಂದು ಶಿಲ್ಪ ಹೇಳಲಿಲ್ಲ. ಮನೆಗೆ ಬಂದು ಅತ್ತೆಯ ಜೊತೆ ಸುಲಿಯಲು ಕೂತಳು. ಕಾರ್ಡು ಸೊಂಟದಲ್ಲಿತ್ತು.

ಅಷ್ಟರಲ್ಲಿ ಕ್ಯಾತಮ್ಮನ ತಮ್ಮ ಪಾಲಾಕ್ಷ ಬಿತ್ತನೆ ಕಾಳು ಕೇಳಲು ಬಂದ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹನ್ನೆರಡು ವರ್ಷ ಪ್ರಯೋಗದ ಇಲಿಗಳಿಗೆ ಮೇವು ಹಾಕಿ, ಬೋನು ತೊಳೆದು, ಈಗ ಊರಿಗೆ ಬಂದು ಕುರಿ ಕಟ್ಟಿಕೊಂಡವನು.

"ಬಾರಲೇ ಇಲಿ ಸಾಹುಕಾರ," ಎಂದಳು ಕ್ಯಾತಮ್ಮ.

ಪಾಲಾಕ್ಷ ನಗುತ್ತಾ ಕೂತ. ಕೂತವನು ಮೂರನೇ ಗುಡ್ಡೆಯಿಂದ ಒಂದು ಹಿಡಿ ತೆಗೆದು ಮೂಸಿದ. ನಗು ನಿಂತಿತು.

"ಅಕ್ಕ, ಇದನ್ನ ಏನ್ ಮಾಡ್ತೀಯಾ?"

"ತಿಂತೀವಿ. ಮಗೀಗೆ ಹುರಿಹಿಟ್ಟು, ನಮಗೆ ಚಟ್ನಿಪುಡಿ."

"ಬ್ಯಾಡ ಅಕ್ಕ. ಬೂಷ್ಟು ಹಿಡ್ದೈತೆ. ಮಗೀಗಂತೂ ಬ್ಯಾಡವೇ ಬ್ಯಾಡ."

"ಓಹೋ! ಇಲಿಗೆ ಊಟ ಬಡಿಸಿ ಬಡಿಸಿ ಡಾಕ್ಟ್ರಾದೇನು? ನಮ್ಮ ಅಟ್ಟದ ಇಲಿ ನೋಡೋಗಲೇ. ಇದೇ ಕಾಳು ತಿಂದು ಬೆಕ್ಕಿನಷ್ಟಾಗೈತೆ. ಇಲಿ ಮೂಸಿ ಬಿಟ್ಟಿದ್ದು ತಿನ್ಬಾರ್ದು, ಇಲಿ ತಿಂದಿದ್ದು ತಿನ್ಬೋದು ಅಂತ ನಮ್ಮವ್ವ ಹೇಳ್ತಿರ್ಲಿಲ್ವಾ?"

"ಇಲಿ ಮುಟ್ಟಿದ್ದನ್ನ ತಿನ್ನೋದೇ ತಪ್ಪು, ಅದು ಬ್ಯಾರೆ ಮಾತು. ಅಟ್ಟದ ಇಲಿ ಎಲ್ಲಿ ಸತ್ತಿತು, ಯಾಕೆ ಸತ್ತಿತು, ಯಾರು ನೋಡವ್ರೆ? ನಾನು ನೋಡೀನಿ."

ಪಾಲಾಕ್ಷ ಕೈಯಲ್ಲಿದ್ದ ಕಾಳನ್ನು ದೂರ ಇಟ್ಟು ಹೇಳತೊಡಗಿದ.

"ಬೋನುಗಳು ಎರಡು ಸಾಲು. ಒಂದು ಸಾಲಿಗೆ ಒಳ್ಳೇ ಮೇವು. ಇನ್ನೊಂದಕ್ಕೆ ಅದೇ ಮೇವು, ಆದ್ರೆ ಈ ಬೂಷ್ಟು ಬಿಡೋ ವಿಷನ ಅಳೆದು ಬೆರೆಸಿರೋರು. ಅಫ್ಲಾಟಾಕ್ಸಿನ್ ಅಂತ ಅದ್ರ ಹೆಸರು. ಸಾಸಿವೆ ಕಾಳಿನಷ್ಟೂ ಇರ್ತಿರ್ಲಿಲ್ಲ. ವಾರವಾರ ಒಂದೊಂದೇ ಇಲಿ ತೂಗಿ ಬರ್ಕೊಳ್ಳೋದು ನನ್ನ ಕೆಲಸ."

"ಆ ಮೇವನ್ನ ಮೂಸಿ ಬಿಟ್ವಾ ಮಾವ?" ಶಿಲ್ಪ ಕೇಳಿಯೇಬಿಟ್ಟಳು.

"ಇಲ್ಲ ಕಣಮ್ಮ! ಅದೇ ನೋಡು. ಎರಡು ಸಾಲಿನವೂ ಒಂದೇ ಥರ ತಿಂದ್ವು. ವಿಷ ಅಂತ ಇಲಿಗೇ ಗೊತ್ತಾಗ್ಲಿಲ್ಲ. ಆದ್ರೆ ಆ ಸಾಲಿನ ಮರಿಗಳು ತೂಕ ಹಿಡೀಲಿಲ್ಲ. ಎರಡು ವರ್ಷ ಆದ್ಮ್ಯಾಕೆ ನಮ್ಮ ಲ್ಯಾಬಿನ ಡಾಕ್ಟ್ರಮ್ಮ ಕೊಯ್ದು ನೋಡಿದ್ರೆ, ಬಾಳ ಇಲಿಗಳ ಲಿವರ್ ಮ್ಯಾಲೆ ಗಂಟು. ಒಳ್ಳೇ ಮೇವಿನ ಸಾಲಿಂದು ನುಣ್ಣಗಿತ್ತು."

"ಗಂಟು ಅಂದ್ರೆ?"

"ಕ್ಯಾನ್ಸರ್ ಅಕ್ಕ."

ಕ್ಯಾತಮ್ಮನ ಬೆರಳು ಒಂದು ಗಳಿಗೆ ನಿಂತಿತು. ಮತ್ತೆ ಒಂದು ಕಾಯಿ ಒಡೆದಳು.

"ನಾನೇನು ಇಲಿನಾ?"

"ನಾನೂ ಡಾಕ್ಟ್ರಮ್ಮನ್ನ ಹಂಗೇ ಕೇಳ್ದೆ. ಹೊಟ್ಟೆಗೆ ಹೋದ ವಿಷನ ಲಿವರ್ ಮುರಿದು ಹೊರಗೆ ಹಾಕೋಕೆ ನೋಡ್ತೈತಂತೆ. ಆದ್ರೆ ಇದು ಗಾಜಿದ್ದಂಗೆ, ಮುರಿದ್ರೆ ಇನ್ನೂ ಚೂಪು. ಚಿಟ್ಟಿಲಿ ಲಿವರು ಆ ಚೂರನ್ನ ಬೇಗ ಗುಡಿಸಿ ಹಾಕ್ತೈತೆ, ನಾನು ಸಾಕ್ತಿದ್ದ ದೊಡ್ಡಿಲಿ ಕೈಲಿ ಆಗಲ್ಲ. ಒಂದೊಂದು ಜೀವ ಒಂದೊಂದು ಥರ. ಅದಕ್ಕೇ ಮನುಷ್ಯರನ್ನೂ ಬ್ಯಾರೆಯಾಗಿ ನೋಡವ್ರೆ, ಇಂಥ ಕಾಳು ವರ್ಷಗಟ್ಲೆ ತಿಂದೋರನ್ನ. ಅವರಲ್ಲೂ ಲಿವರ್ ಕ್ಯಾನ್ಸರ್ ಜಾಸ್ತಿ ಕಂಡೈತೆ. ನಾವು ಚಿಟ್ಟಿಲಿ ಸಾಲಿನೋರಲ್ಲ ಅಕ್ಕ. ಒಂದು ದಿನ ತಿಂದ್ರೆ ಕ್ಯಾನ್ಸರ್ ಬರಲ್ಲ. ದಿನಾ ತಿಂದ್ರೆ ಭಯ."

"ಹುರಿದ್ರೆ ಹೋಗ್ತೈತೆ ಬಿಡು."

"ಬೂಷ್ಟು ಸಾಯ್ತೈತೆ, ವಿಷ ಪೂರ್ತಿ ಹೋಗಲ್ಲ."

"ತೊಳೀತೀನಿ."

"ತೊಳೆದ್ರೂ ಹೋಗಲ್ಲ. ಸುಲಿಯೋಕೆ ಅಂತ ನೀರು ಚಿಮುಕ್ಸಿದ್ದಕ್ಕೇ ಅಕ್ಕ ಬೂಷ್ಟು ಇಷ್ಟು ಬೆಳೆದಿದ್ದು!"

"ಕೋಳಿಗೆ ಹಾಕ್ತೀನಿ."

"ಮರಿಗಳು ಮೊದಲು ಹೋಗ್ತವೆ."

"ಗಾಣಕ್ಕೆ ಕೊಟ್ರೆ?"

"ವಿಷ ಬಾಳಷ್ಟು ಹಿಂಡಿಯಾಗೇ ಉಳೀತೈತೆ. ಹಿಂಡಿ ಯಾರು ತಿಂತಾರೆ?"

"ಮೇಕೆ."

"ವಿಷ ಹಾಲಿಗೂ ಇಳೀತೈತೆ. ಮೇಕೆ ಹಾಲು ಯಾರು ಕುಡಿಯೋದು?"

ಮೂವರೂ ಜುಂಜಪ್ಪನ ಕಡೆ ನೋಡಿದರು. ಅವನು ಹುರಿಹಿಟ್ಟಿನ ಖಾಲಿ ಬಟ್ಟಲು ಬಡಿಯುತ್ತಾ ಕೂತಿದ್ದ.

ಕ್ಯಾತಮ್ಮ ತಟ್ಟನೆ ಎದ್ದಳು. ಮಡಿಲಿನ ಸಿಪ್ಪೆಯೆಲ್ಲ ಚೆಲ್ಲಿತು. "ಹಂಗಾದ್ರೆ ನನ್ನ ಮೊಮ್ಮಗನಿಗೆ ನಾನೇ ವಿಷ ಹಾಕ್ದೆ ಅಂತೀಯೇನ್ಲೇ?"

ಪಾಲಾಕ್ಷ ತಲೆ ತಗ್ಗಿಸಿದ.  ಶಿಲ್ಪ ನೆಲ ನೋಡುತ್ತಲೇ ಬಾಯಿ ಬಿಟ್ಟಳು.

"ಅತ್ತೆ, ಮೂರನೇ ಗುಡ್ಡೆ ಕಾಳನ್ನ ಯಾಕೆ ಬಿತ್ತಲ್ಲ?"

"ಇದೇನು ಕೇಳ್ತೀಯಾ? ಕೆಟ್ಟ ಕಾಳು ಹಾಕಿದ್ರೆ ಸಾಲು ಎದ್ದೀತಾ?"

ಶಿಲ್ಪ ಸೊಂಟದಿಂದ ಕಾರ್ಡು ತೆಗೆದು ಅತ್ತೆಯ ಮುಂದೆ ಹಿಡಿದಳು. 

"ಇವನ ಗೆರೆನೂ ಎದ್ದಿಲ್ಲ ಅತ್ತೆ."

ಕ್ಯಾತಮ್ಮನಿಗೆ ಓದಲು ಬರದು. ಆದರೆ ಮೇಲೆ ಏರಬೇಕಾದ ಗೆರೆ ಮಲಗಿದ್ದು ಯಾರಿಗಾದರೂ ಕಾಣುತ್ತದೆ. ಕಾರ್ಡನ್ನು ನೋಡಿದಳು, ಮೂರು ಗುಡ್ಡೆಗಳನ್ನು ನೋಡಿದಳು. ಒಳ್ಳೆಯದು ಮಣ್ಣಿಗೆ, ನಡುವಿನದು ಮಂಡಿಗೆ, ಕೆಟ್ಟದ್ದು ಮನೆಗೆ. ಆರಿಸಿದ್ದು ಅವಳದೇ ಕೈ.

ನಿಧಾನವಾಗಿ ಕೂತಳು. ಬಟ್ಟಲು ಹಿಡಿದ ಮಗುವನ್ನು ತೊಡೆಗೆ ಎಳೆದುಕೊಂಡಳು.

"ಗುದ್ದಲಿ ತಗೊಂಬಾರಲೇ ಇಲಿ ಸಾಹುಕಾರ," ಎಂದಳು. "ಇದು ಕೋಳಿಗೂ ಬ್ಯಾಡ, ಮೇಕೆಗೂ ಬ್ಯಾಡ. ಆಳವಾಗಿ ಹೂತಾಕು. ಆ ಡಬ್ಬಿ ಹಿಟ್ಟೂ ಹಾಕು."

ಅವತ್ತು ಹುರಿಹಿಟ್ಟಿಗೆ ಕಾಳು ತೆಗೆದಿದ್ದು ಮೊದಲ ಗುಡ್ಡೆಯಿಂದ.

ಮಾರನೆಯ ದಿನ ರಂಗಕ್ಕ ಟೀಚರಿಗೆ ಶಿಲ್ಪ ಎಲ್ಲ ಹೇಳಿದಳು. "ತೂಕ ಏರದೇ ಇರೋಕೆ ಬ್ಯಾರೆ ಕಾರಣನೂ ಇರ್ತವೆ, ಆಸ್ಪತ್ರೆಗೂ ತೋರ್ಸಾನ," ಎಂದು ಅವರೇ ಜೊತೆಗೆ ಬಂದರು. ಜಂತುಹುಳದ ಔಷಧಿ ಸಿಕ್ಕಿತು. ಮೊಟ್ಟೆ, ಸೊಪ್ಪು, ಬೇಳೆ ಊಟಕ್ಕೆ ಸೇರಿದವು. ಹುರಿಹಿಟ್ಟೂ ಉಳಿಯಿತು. ಒಳ್ಳೆಯ ಶೇಂಗಾ ಮಗುವಿಗೆ ಬೆಳೆಯಲು ಬೇಕೇ ಬೇಕು. ಬಿಡಬೇಕಾದದ್ದು ಬೂಷ್ಟನ್ನು, ಶೇಂಗಾವನ್ನಲ್ಲ.

ಕ್ಯಾತಮ್ಮ ಈಗ ಒಣಕಾಯನ್ನೇ ಒಡೆಯುತ್ತಾಳೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ತಮ್ಮನನ್ನು ಬಯ್ಯುತ್ತಾ ಒಡೆಯುತ್ತಾಳೆ. ಎರಡು ತಿಂಗಳಿಗೆ ಗೆರೆ ಸ್ವಲ್ಪ ಎದ್ದಿತು. ಇದೊಂದರಿಂದಲೇ ಎದ್ದಿತು ಎಂದು ಟೀಚರು ಹೇಳಲಿಲ್ಲ. ಆದರೂ ಕ್ಯಾತಮ್ಮ ಕಾರ್ಡನ್ನು ಮೂರು ಮನೆಗೆ ತೋರಿಸಿ ಬಂದು, ಸೊಸೆಗೆ ಹೇಳಿದಳು:

"ಪಾಲಾಕ್ಷನಿಗೆ ಹೇಳ್ಬ್ಯಾಡ. ಕೊಬ್ತಾನೆ."

ಅಕ್ಕಂದಿರೇ, ಅಣ್ಣಂದಿರೇ, ಶೇಂಗಾ ಕಿತ್ತ ಮೇಲೆ ಅಲ್ಲಾಡಿಸಿದರೆ ಗಲಗಲ ಅನ್ನುವ ತನಕ ಬಿಸಿಲಿಗೆ ಒಣಗಿಸಿ. ಚೀಲವನ್ನು ಬರೀ ನೆಲದ ಮೇಲೆ ಇಡಬೇಡಿ, ಕೆಳಗೆ ಹಲಗೆ ಹಾಕಿ. ಸುಲಿಯುವ ಮುಂಚೆ ನೀರು ಚಿಮುಕಿಸಬೇಡಿ. ಬೂಷ್ಟು ಹಿಡಿದದ್ದು, ಬಣ್ಣ ಕೆಟ್ಟದ್ದು, ಸುಕ್ಕಿದ್ದು, ಕಹಿಯಾದದ್ದು ಒಂದು ಹಿಡಿಯಿದ್ದರೂ ಆರಿಸಿ ಹೂತುಬಿಡಿ. ವಿಷ ಕಣ್ಣಿಗೆ ಕಾಣದು, ನಾಲಿಗೆಗೂ ಎಲ್ಲ ಸಲ ತಿಳಿಯದು. ಆದರೆ ಕೆಟ್ಟ ಕಾಳನ್ನು ಆರಿಸಿ ತೆಗೆದರೆ ಬಹುಪಾಲು ಅಲ್ಲೇ ಹೋಗುತ್ತದೆ.

ಈ ಸಲ ಸುಲಿಯಲು ಕೂತಾಗ ನಿಮ್ಮ ಮುಂದಿನ ಗುಡ್ಡೆಗಳನ್ನು ಒಮ್ಮೆ ನೋಡಿ. ಮನೆಗೆ ಅಂತ ಇಟ್ಟದ್ದು ಯಾವುದು? ಭೂಮಿಗೆ ಹಾಕದ ಕಾಳನ್ನು ಮಕ್ಕಳ ಬಾಯಿಗೆ ಹಾಕಬೇಡಿ.